‘ತೌಬಾ’ ಎಂಬ ಉತ್ತರದ ಹಿಂದೆ



ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಈ ಲೇಖನ ಆರಂಭಿಸುತ್ತೇನೆ.

ಪಾಂಡವಪುರದ ನನ್ನ ಖಾಲಾ ಅವರ ಮಗಳನ್ನು ಕೆ.ಆರ್. ಪೇಟೆಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡನೇ ಹೆರಿಗೆಯ ನಂತರ ಅವಳು ಮಂಕಾದಳು. ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಮಗು ಅತ್ತರೂ ಎತ್ತಿಕೊಳ್ಳದಾದಳು. ಮೊದಲು ನಜರ್ ಆಗಿದೆ ಎಂದು ದೃಷ್ಟಿ ತೆಗೆದರು. ಆಮೇಲೆ ತಾವೀಜ್ ಕಟ್ಟಿಸಿದರು. ಎರಡು ತಿಂಗಳು ಹೀಗೇ ಕಳೆದ ಮೇಲೆ ಒಂದು ದೊಡ್ಡ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ದರು. ಎರಡು ವಾರ ದಾಖಲಾಗಿದ್ದಳು. ಸ್ವಲ್ಪ ಸುಧಾರಿಸಿದಳು ಎಂದು ಮನೆಗೆ ಕಳುಹಿಸುವ ದಿನ ನಾನೂ ಶ್ರೀರಂಗಪಟ್ಟಣದಿಂದ ಹೋಗಿದ್ದೆ.

ಅವಳಿಗೆ ಮನಸ್ಸು ಬಿಚ್ಚಿ ಮಾತಾಡಲು ಬರುವುದು ನಮ್ಮ ಮನೆಯ ಉರ್ದು ಮಾತ್ರ. ವೈದ್ಯರಿಗೆ ಅದು ಬಾರದು. “ನೀವು ಟೀಚರ್ ಅಲ್ವಾ, ನೀವೇ ಕೇಳಿ ಹೇಳಿ” ಎಂದರು. ನಿದ್ದೆ ಹೇಗಿದೆ, ಊಟ ಹೇಗಿದೆ ಎಂದೆಲ್ಲಾ ಕೇಳಿದ ಮೇಲೆ ವೈದ್ಯರು ನೇರವಾಗಿ, “ಸಾಯಬೇಕು ಅಂತ ಯೋಚನೆ ಬರುತ್ತಾ ಕೇಳಿ” ಎಂದರು. ಒಂದು ಪಕ್ಕದಲ್ಲಿ ಅವಳ ಅತ್ತೆ ಕುಳಿತಿದ್ದರು. ಬಾಗಿಲ ಬಳಿ ಗಂಡ ನಿಂತಿದ್ದ. ಆ ಮಾತನ್ನು ಹಾಗೇ ಕೇಳಲು ನನಗೆ ನಾಲಿಗೆ ಹೊರಳಲಿಲ್ಲ. “ಬುರೇ ಖಯಾಲಾಂ ತೋ ನೈ ಆತೆ ನಾ?” ಎಂದೆ. ಅಂದರೆ, ಕೆಟ್ಟ ಯೋಚನೆಗಳೇನೂ ಬರುವುದಿಲ್ಲ ತಾನೇ?

ಅವಳು ಎರಡೂ ಕೆನ್ನೆ ಮುಟ್ಟಿಕೊಂಡು “ತೌಬಾ, ತೌಬಾ” ಎಂದಳು. ನಾನು ವೈದ್ಯರಿಗೆ “ಇಲ್ಲವಂತೆ ಡಾಕ್ಟರ್” ಎಂದೆ. ಅವರು ಅದನ್ನೇ ಚೀಟಿಯಲ್ಲಿ ಬರೆದುಕೊಂಡರು. ಮಾತ್ರೆ ಕೊಟ್ಟು, ಒಂದು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿದರು.

ಒಂಬತ್ತನೇ ದಿನ ಫಜ್ರ್ ನಮಾಜಿಗೆ ಎದ್ದ ಅವಳ ನಾದಿನಿ, ಹಾಸಿಗೆಯಲ್ಲಿ ಅವಳಿಲ್ಲದ್ದನ್ನು ಕಂಡು ಮನೆಯವರನ್ನೆಲ್ಲ ಎಬ್ಬಿಸಿದಳು. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನೆನೆಯಲೂ ಭಯವಾಗುತ್ತದೆ.

ತಿಂಗಳುಗಳ ನಂತರ, ಚೇತರಿಸಿಕೊಂಡ ಮೇಲೆ, ಅವಳೇ ನನಗೆ ಹೇಳಿದಳು: “ಆಪಾ, ಅತ್ತೆ ಮುಂದೆ ನಾನು ಏನಂತ ಹೇಳಲಿ? ಇಲ್ಲ ತಾನೇ ಅಂತ ನೀವೇ ಕೇಳಿದ್ರಲ್ಲ.”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ವೈದ್ಯರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ದಾರಿಯಲ್ಲಿ ಅದನ್ನು ಮೆತ್ತಗೆ ಮಾಡಿದವಳು ನಾನು. ಆದರೆ ಈ ವಿಷಯದ ಬಗ್ಗೆ ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದಾಗ ಇನ್ನೊಂದು ಸಂಗತಿಯೂ ಅರ್ಥವಾಯಿತು. ಆ ಕೋಣೆಯಲ್ಲಿ ತಪ್ಪಿದ್ದು ಒಂದು ಶಬ್ದ ಮಾತ್ರವಲ್ಲ. ಇಂತಹ ತಪಾಸಣೆಯನ್ನು ಹೇಗೆ ಮಾಡಬೇಕು ಎಂಬುದನ್ನೇ ವೈದ್ಯಲೋಕ ಈಗ ಮರುಚಿಂತನೆ ಮಾಡುತ್ತಿದೆ. ಅದರಲ್ಲಿ ಮನೆಯವರಾದ ನಮ್ಮ ಪಾಲು ದೊಡ್ಡದು.

ಮುಖಪುಟಕ್ಕೆ ಬಾರದ ಸಾವುಗಳು

ನಮ್ಮ ಮಂಡ್ಯ ಜಿಲ್ಲೆಗೆ ಈ ನೋವು ಹೊಸದಲ್ಲ. 2015ರಲ್ಲಿ ಕಬ್ಬಿನ ಬಾಕಿ ಹಣ ಬಾರದೆ, ಸಾಲ ತೀರದೆ ರೈತರು ಪ್ರಾಣ ಕಳೆದುಕೊಂಡಾಗ ದಿನಪತ್ರಿಕೆಗಳ ಮುಖಪುಟದಲ್ಲಿ ಮಂಡ್ಯದ ಹೆಸರಿತ್ತು. ಆ ಸಾವುಗಳ ಬಗ್ಗೆ ಇಡೀ ರಾಜ್ಯ ಮಾತಾಡಿತು. ಮಾತಾಡಬೇಕಾದದ್ದೇ. ಆದರೆ ಅಡುಗೆಮನೆಯೊಳಗಿನ ಸಾವುಗಳ ಬಗ್ಗೆ ಯಾರು ಮಾತಾಡುತ್ತಾರೆ?

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಮಹಿಳೆಯರು 48,172. ಆ ಮಹಿಳೆಯರಲ್ಲಿ 25,309 ಮಂದಿ ಗೃಹಿಣಿಯರು. ಅಂದರೆ ಪ್ರಾಣ ಕಳೆದುಕೊಂಡ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಮ್ಮಂತೆ, ನನ್ನಂತೆ ಮನೆ ನಡೆಸುತ್ತಿದ್ದವರು.

ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಆತ್ಮಹತ್ಯೆಯಿಂದ ಸತ್ತ 269 ಜನರ ಮನೆಗಳಿಂದ ವಿವರ ಸಂಗ್ರಹಿಸಿ, ಬದುಕಿರುವ ಅಷ್ಟೇ ಜನರೊಂದಿಗೆ ಹೋಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂದೆ ಒಮ್ಮೆ ಪ್ರಯತ್ನಿಸಿದ್ದು, ಮಾನಸಿಕ ಕಾಯಿಲೆ, ಮನೆಯಲ್ಲಿ ಕುಡಿತ, ಕೌಟುಂಬಿಕ ಹಿಂಸೆ ಇವೆಲ್ಲ ಅಪಾಯವನ್ನು ಹೆಚ್ಚಿಸುವ ಕಾರಣಗಳೆಂದು ಅದು ತೋರಿಸಿತು. ಒಂದೇ ಕಾರಣದಿಂದ ಯಾರೂ ಸಾಯುವುದಿಲ್ಲ, ಹಲವು ಕಾರಣಗಳು ಒಂದರ ಮೇಲೊಂದು ಬಂದು ಕೂರುತ್ತವೆ.

ಹಾಗಾದರೆ ಈ ಕಾರಣಗಳ ಪಟ್ಟಿ ಹಿಡಿದು, ಯಾರು ಅಪಾಯದಲ್ಲಿದ್ದಾರೆ ಎಂದು ವೈದ್ಯರು ಮೊದಲೇ ಹೇಳಬಹುದಲ್ಲವೇ ಎಂದು ನೀವು ಕೇಳಬಹುದು. ಇಲ್ಲೇ ಇರುವುದು ತೊಡಕು.

ಪಟ್ಟಿಯಿಂದ ಭವಿಷ್ಯ ಹೇಳಲಾಗದು

ಅಮೆರಿಕದಲ್ಲಿ ಡಾ. ಅಲೆಕ್ಸ್ ಪೊಕೊರ್ನಿ ಎಂಬ ಮನೋವೈದ್ಯರು ಆಸ್ಪತ್ರೆಗೆ ದಾಖಲಾದ 4,800 ಮನೋರೋಗಿಗಳನ್ನು ಪರೀಕ್ಷಿಸಿ, ಮುಂದೆ ಯಾರು ಪ್ರಾಣ ಕಳೆದುಕೊಳ್ಳಬಹುದು ಎಂದು ಗುರುತಿಸಲು ಪ್ರಯತ್ನಿಸಿದರು. ಅವರ ವರದಿ 1983ರಲ್ಲಿ ಪ್ರಕಟವಾಯಿತು. ಆ ರೋಗಿಗಳಲ್ಲಿ 67 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಆದರೆ ಅಪಾಯವಿದೆ ಎಂದು ಗುರುತಿಸಿದವರಲ್ಲಿ ಬಹುತೇಕರಿಗೆ ಏನೂ ಆಗಲಿಲ್ಲ. ಅಪಾಯವಿಲ್ಲ ಎಂದುಕೊಂಡವರಲ್ಲಿ ಅನೇಕರು ಸತ್ತಿದ್ದರು.

2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲಿತಾಂಶ ಅದೇ ಆಗಿತ್ತು. ಯಾವುದೇ ಒಂದು ಕಾರಣವನ್ನು ಹಿಡಿದು ಭವಿಷ್ಯ ಹೇಳುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಉತ್ತಮ ಎಂದು ತಿಳಿದುಬಂತು. ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ನೀಡುವ ನೈಸ್ ಸಂಸ್ಥೆ 2022ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ಅಂಕ ಹಾಕುವ ಪಟ್ಟಿಗಳಿಂದ ಮುಂದಿನ ಆತ್ಮಹತ್ಯೆಯನ್ನು ಊಹಿಸಬೇಡಿ. ರೋಗಿಗಳಿಗೆ ‘ಕಡಿಮೆ ಅಪಾಯ’, ‘ಹೆಚ್ಚು ಅಪಾಯ’ ಎಂಬ ಚೀಟಿ ಅಂಟಿಸಿ ಅದರ ಮೇಲೆ ಚಿಕಿತ್ಸೆ ಕೊಡುವುದನ್ನೋ ಬಿಡುವುದನ್ನೋ ನಿರ್ಧರಿಸಬೇಡಿ. ಎದುರಿಗಿರುವ ವ್ಯಕ್ತಿಗೆ ಈಗ ಏನು ಬೇಕು ಎಂಬುದನ್ನು ನೋಡಿ.

ಇದರರ್ಥ ಪ್ರಶ್ನೆ ಕೇಳುವುದೇ ವ್ಯರ್ಥ ಎಂದಲ್ಲ. ಜ್ಯೋತಿಷಿಯಂತೆ ಭವಿಷ್ಯ ಹೇಳಲು ಕೇಳಬಾರದು, ಕೈಹಿಡಿಯಲು ಕೇಳಬೇಕು ಎಂದರ್ಥ.

ಈ ವಾರದ ಲಕ್ಷಣಗಳೇ ಬೇರೆ

ಇನ್ನೊಂದು ಮುಖ್ಯ ಸಂಗತಿಯನ್ನು ನಾವೆಲ್ಲ ತಿಳಿದಿರಬೇಕು. ಮುಂದೆ ಎಂದೋ ಒಂದು ದಿನ ಅಪಾಯವಿದೆ ಎಂದು ತೋರಿಸುವ ಲಕ್ಷಣಗಳೇ ಬೇರೆ. ಈ ವಾರ, ಈ ರಾತ್ರಿ ಅಪಾಯವಿದೆ ಎಂದು ತೋರಿಸುವ ಲಕ್ಷಣಗಳೇ ಬೇರೆ.

ಅಮೆರಿಕದ ಡಾ. ಜಾನ್ ಫಾಸೆಟ್ ಮತ್ತು ಸಂಗಡಿಗರು ಖಿನ್ನತೆಯಂತಹ ಕಾಯಿಲೆಯಿದ್ದ 954 ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ 1990ರಲ್ಲಿ ವರದಿ ಬರೆದರು. ಹತಾಶೆ, ಸಾಯುವ ಯೋಚನೆ, ಹಿಂದಿನ ಪ್ರಯತ್ನ ಇವು ವರ್ಷಗಳ ನಂತರದ ಸಾವಿನೊಂದಿಗೆ ಸಂಬಂಧ ಹೊಂದಿದ್ದವು. ಆದರೆ ಒಂದು ವರ್ಷದೊಳಗೆ ಸತ್ತವರಲ್ಲಿ ಎದ್ದು ಕಂಡದ್ದು ತೀವ್ರ ಆತಂಕ, ಎದೆ ನಡುಗಿಸುವ ಗಾಬರಿ, ನಿದ್ರಾಹೀನತೆ, ಯಾವುದರಲ್ಲೂ ಸಂತೋಷ ಕಾಣದಿರುವುದು.

2003ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಕಣ್ಣು ತೆರೆಸುತ್ತದೆ. ಆಸ್ಪತ್ರೆಯಲ್ಲಿದ್ದಾಗಲೇ ಅಥವಾ ಬಿಡುಗಡೆಯಾದ ತಕ್ಷಣ ಪ್ರಾಣ ಕಳೆದುಕೊಂಡ 76 ರೋಗಿಗಳ ದಾಖಲೆಗಳನ್ನು ಪರಿಶೀಲಿಸಲಾಯಿತು. ಕೊನೆಯ ಬಾರಿ ಕೇಳಿದಾಗ ಏನು ಹೇಳಿದ್ದರು ಎಂಬುದು ದಾಖಲಾಗಿದ್ದವರಲ್ಲಿ ಶೇ. 78ರಷ್ಟು ಮಂದಿ ‘ಇಲ್ಲ, ಅಂಥ ಯೋಚನೆ ಇಲ್ಲ’ ಎಂದಿದ್ದರು. ಆದರೆ ಶೇ. 79ರಷ್ಟು ಮಂದಿಯಲ್ಲಿ ತೀವ್ರ ಆತಂಕ ಅಥವಾ ಚಡಪಡಿಕೆ ಇದ್ದುದು ದಾಖಲೆಯಲ್ಲೇ ಕಾಣುತ್ತಿತ್ತು. ಬಾಯಿ ‘ಇಲ್ಲ’ ಎನ್ನುತ್ತಿದ್ದಾಗ ದೇಹ ‘ಹೌದು’ ಎನ್ನುತ್ತಿತ್ತು.

ನ್ಯೂಯಾರ್ಕಿನ ಡಾ. ಇಗೊರ್ ಗಲಿಂಕರ್ ಈ ದಾರಿಯಲ್ಲೇ ಮುಂದೆ ಹೋದವರು. ಕೊನೆಯ ದಿನಗಳ ಮನಸ್ಥಿತಿಯನ್ನು ಅವರು ಒಂದು ಲಕ್ಷಣಗುಚ್ಛವಾಗಿ ವಿವರಿಸುತ್ತಾರೆ. ಬಾಗಿಲೇ ಇಲ್ಲದ ಕೋಣೆಯಲ್ಲಿ ಸಿಕ್ಕಿಬಿದ್ದಂತೆ ಅನಿಸುವುದು, ತಡೆಯಲಾರದ ಮನೋವೇದನೆ, ಒಂದೇ ಯೋಚನೆ ಗಾಣದಂತೆ ತಲೆಯಲ್ಲಿ ಸುತ್ತುವುದು, ನಿದ್ದೆ ಬಾರದ ಚಡಪಡಿಕೆ, ಎಲ್ಲರಿಂದ ದೂರ ಸರಿಯುವುದು. ರೋಗಿ ಸಾಯುವ ಯೋಚನೆಯನ್ನು ಒಪ್ಪಿಕೊಳ್ಳದಿದ್ದರೂ ಈ ಲಕ್ಷಣಗಳನ್ನು ಗುರುತಿಸಬಹುದು ಎಂಬುದು ಅವರ ವಾದ. ಜೊತೆಗೆ, ರೋಗಿಯ ಎದುರು ಕುಳಿತಾಗ ವೈದ್ಯರ ಸ್ವಂತ ಮನಸ್ಸಿನಲ್ಲಿ ಏಳುವ ಕಳವಳವನ್ನೂ ಕಡೆಗಣಿಸಬಾರದು, ಅದನ್ನೂ ತಪಾಸಣೆಯ ಭಾಗವಾಗಿಯೇ ಅಳೆಯಬೇಕು ಎಂದು ಅವರ ತಂಡ ಹೇಳುತ್ತದೆ.

ಈಗ ನನ್ನ ಖಾಲಾ ಮಗಳ ವಿಷಯಕ್ಕೆ ಬನ್ನಿ. ಮನೆಗೆ ಬಂದ ಮೇಲೆ ಅವಳು ರಾತ್ರಿ ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಜಾರಕ್ಕೆ ನಡೆಯುತ್ತಲೇ ಇದ್ದಳಂತೆ. ಕೈ ಹಿಸುಕಿಕೊಳ್ಳುತ್ತಿದ್ದಳಂತೆ. ಅತ್ತೆ ಇದನ್ನೆಲ್ಲ ನೋಡಿದ್ದರು. ಕಾಯಿಲೆ ಇನ್ನೂ ಪೂರ್ತಿ ಹೋಗಿಲ್ಲ, ಮಾತ್ರೆ ಕೆಲಸ ಮಾಡಲು ಸಮಯ ಬೇಕು ಎಂದುಕೊಂಡಿದ್ದರು. ಅವರು ಕೆಟ್ಟ ಹೆಂಗಸಲ್ಲ. ಇದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೇಳಿದರೆ ಯೋಚನೆ ಹುಟ್ಟುತ್ತದೆಯೇ?

‘ಸಾಯುವ ಮಾತು ನಾವೇ ಎತ್ತಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುವುದಿಲ್ಲವೇ?’ ಇದು ನಮ್ಮಲ್ಲಿ ಬಹಳ ಜನರ ಭಯ. ಅಂದು ನನ್ನ ಭಯವೂ ಇದೇ ಆಗಿತ್ತು. ಈ ಭಯಕ್ಕೆ ಆಧಾರವಿಲ್ಲ. ನ್ಯೂಯಾರ್ಕ್ ರಾಜ್ಯದ ಶಾಲೆಗಳಲ್ಲಿ 2,342 ಹದಿಹರೆಯದ ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಮಕ್ಕಳಿಗೆ ಈ ಪ್ರಶ್ನೆ ಕೇಳಲಾಯಿತು, ಅರ್ಧ ಮಕ್ಕಳಿಗೆ ಕೇಳಲಿಲ್ಲ. ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವೂ ಹೆಚ್ಚಾಗಲಿಲ್ಲ, ಅಂಥ ಯೋಚನೆಯೂ ಹೆಚ್ಚಾಗಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೆ ಕೇಳಿದ್ದರಿಂದ ತುಸು ಹಗುರವೇ ಆಗಿತ್ತು. ನಂತರದ ಅಧ್ಯಯನಗಳೂ ಇದನ್ನೇ ಹೇಳಿವೆ.

ಹೇಗೆ ಕೇಳಬೇಕು? ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸಿದ್ಧಪಡಿಸಿ 2012ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆ. ಇಪ್ಪತ್ತು ಸೆಕೆಂಡ್ ಸಾಕು. ಅದರ ತಿರುಳು ಇಷ್ಟು: ಕೆಲವು ವಾರಗಳಿಂದ ಸತ್ತರೆ ಚೆನ್ನಾಗಿತ್ತು ಎನಿಸಿದೆಯೇ? ನಾನಿಲ್ಲದಿದ್ದರೆ ಮನೆಯವರು ನೆಮ್ಮದಿಯಾಗಿರುತ್ತಾರೆ ಎನಿಸಿದೆಯೇ? ಈ ವಾರ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಹಿಂದೆ ಎಂದಾದರೂ ಪ್ರಯತ್ನಿಸಿದ್ದೀರಾ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ಐದನೆಯ ಪ್ರಶ್ನೆ: ಈಗ, ಈ ಕ್ಷಣ ಆ ಯೋಚನೆ ಇದೆಯೇ? ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಶ್ನಾವಳಿ ಇನ್ನೂ ಸ್ವಲ್ಪ ಮುಂದೆ ಹೋಗಿ, ಬರೀ ಯೋಚನೆಯೇ, ಹೇಗೆ ಎಂದೂ ಯೋಚಿಸಿದ್ದಾರೆಯೇ, ಸಿದ್ಧತೆ ನಡೆಸಿದ್ದಾರೆಯೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ.

ಈ ಪ್ರಶ್ನೆಗಳು ದಾರಿ ತೆರೆಯುತ್ತವೆ ಅಷ್ಟೇ. ‘ಹೌದು’ ಎಂದ ಕೂಡಲೇ ಕೂತು ಮಾತಾಡಬೇಕು. ‘ಇಲ್ಲ’ ಎಂದರೂ ಲಕ್ಷಣಗಳನ್ನು ನೋಡಬೇಕು, ಮನೆಯವರನ್ನು ಕೇಳಬೇಕು.

ನಮ್ಮ ಮನೆಯ ಮಾತಿನಲ್ಲಿ

ಸಹೋದರಿಯರೇ, ನಮ್ಮ ಹೆಣ್ಣುಮಕ್ಕಳು ‘ನನಗೆ ಆತ್ಮಹತ್ಯೆಯ ಯೋಚನೆ ಬರುತ್ತಿದೆ’ ಎಂದು ಎಂದಾದರೂ ಹೇಳುತ್ತಾರೆಯೇ? ಆ ಶಬ್ದವೇ ನಮ್ಮ ಬಾಯಿಗೆ ಬರುವುದಿಲ್ಲ. ನಾವು “ಜೀ ಘಬರಾರಾ” ಎನ್ನುತ್ತೇವೆ. “ನೀಂದ್ ಇಚ್ ನೈ ಆರೈ” ಎನ್ನುತ್ತೇವೆ. “ಅಲ್ಲಾ ಉಠಾ ಲಿಯಾ ತೋ ಬಸ್” ಎನ್ನುತ್ತೇವೆ. ನೆರೆಮನೆಯ ಅಕ್ಕ “ದೇವ್ರು ಕರ್ಕೊಂಡ್ಬಿಟ್ರೆ ಸಾಕು ಕಣಮ್ಮ” ಎಂದು ಹೇಳುವುದೂ ಇದನ್ನೇ. ಬೇಸರಕ್ಕೆ ಎಲ್ಲರೂ ಆಡುವ ಮಾತು ಎಂದು ನಾವು ತಳ್ಳಿಹಾಕುತ್ತೇವೆ. ಹಲವು ಸಲ ಅದು ಬೇಸರದ ಮಾತೇ ಇರಬಹುದು. ಆದರೆ ಖಿನ್ನತೆಗೆ ಮಾತ್ರೆ ತಿನ್ನುತ್ತಿರುವವಳು, ನಾಲ್ಕು ದಿನದಿಂದ ಕಣ್ಣು ಮುಚ್ಚದವಳು ಆಡಿದಾಗ ಅದು ಬರೀ ಬೇಸರದ ಮಾತಲ್ಲ.

ಇನ್ನು ‘ತೌಬಾ’. ಆತ್ಮಹತ್ಯೆ ನಮ್ಮಲ್ಲಿ ಹರಾಮ್ ಎಂಬುದು ನಮಗೆಲ್ಲ ಗೊತ್ತು. ರೋಗಿಗೂ ಗೊತ್ತು. ಆ ಅರಿವು ಎಷ್ಟೋ ಜನರನ್ನು ಅಂಚಿನಿಂದ ಹಿಂದಕ್ಕೆ ಎಳೆದಿದೆ. ಆದರೆ ಅದೇ ಅರಿವು ಬಾಯಿಯನ್ನೂ ಮುಚ್ಚಿಸುತ್ತದೆ. ಯೋಚನೆ ಬಂದದ್ದಕ್ಕೇ ತಾನು ಪಾಪಿಯಾದೆ ಎಂದು ಅವಳು ನಡುಗುತ್ತಿರುತ್ತಾಳೆ. ಅಂಥವಳು ನಾಲ್ಕು ಜನರ ಮುಂದೆ ಹೌದು ಎನ್ನುವುದು ಹೇಗೆ? ‘ತೌಬಾ’ ಎಂದರೆ ಯೋಚನೆ ಇಲ್ಲ ಎಂದೂ ಆಗಬಹುದು, ಯೋಚನೆ ಬಂದದ್ದಕ್ಕೆ ಪಶ್ಚಾತ್ತಾಪಪಡುತ್ತಿದ್ದೇನೆ ಎಂದೂ ಆಗಬಹುದು. ಎರಡನೆಯದನ್ನು ನಾನು ಅಂದು ಕೇಳಿಸಿಕೊಳ್ಳಲಿಲ್ಲ.

ಕಾಯಿಲೆಯ ಮನಸ್ಸಿನಲ್ಲಿ ಬೇಡದೆ ನುಗ್ಗುವ ಯೋಚನೆ ಜ್ವರದ ತಾಪದಂತೆ. ಜ್ವರ ಬಂದವಳನ್ನು ನಾವು ಬಯ್ಯುವುದಿಲ್ಲ. ಹಣೆ ಮುಟ್ಟಿ ನೋಡುತ್ತೇವೆ. ಇಲ್ಲೂ ಮೊದಲ ಕೆಲಸ ಅದೇ. ಬೋಧನೆ ಆಮೇಲೆ.

ಹಾಗಾಗಿ ವೈದ್ಯರಲ್ಲಿ ನಮ್ಮ ವಿನಂತಿ ಇದು. ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ನಿಮ್ಮ ಬಾಗಿಲಲ್ಲಿ ಸಾಲು ಉದ್ದವಿದೆ ಎಂಬುದು ಗೊತ್ತು. ಆದರೂ ಐದು ನಿಮಿಷ ರೋಗಿಯನ್ನು ಒಂಟಿಯಾಗಿ ಮಾತಾಡಿಸಿ. ಅತ್ತೆಯನ್ನೂ ಗಂಡನನ್ನೂ ಹೊರಗೆ ಕಳುಹಿಸಿ, ನಾವು ಬೇಸರಪಟ್ಟುಕೊಳ್ಳುವುದಿಲ್ಲ. ಭಾಷೆ ಬಾರದಿದ್ದರೆ ಸಂಬಂಧಿಕರ ಬದಲು ಆಸ್ಪತ್ರೆಯ ನರ್ಸನ್ನೋ ಆಪ್ತಸಲಹೆಗಾರರನ್ನೋ ಕರೆಸಿ. ‘ಇಲ್ಲ ತಾನೇ’ ಎಂದು ಕೇಳಬೇಡಿ. ಆಮೇಲೆ ಮನೆಯವರನ್ನೂ ಪ್ರತ್ಯೇಕವಾಗಿ ಕರೆದು, ರಾತ್ರಿ ಹೇಗೆ ಕಳೆಯುತ್ತಾಳೆ ಎಂದು ಕೇಳಿ. ರಾತ್ರಿಯನ್ನು ನೋಡಿದವರು ಅವರೇ.

ಇದು ಆಗದ ಮಾತಲ್ಲ. ನಾಗಮಂಗಲದ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ತನ್ನ ದೊಡ್ಡ ಮಗಳನ್ನು ತೋರಿಸಲು ಹೋದಾಗ ಅಲ್ಲಿದ್ದ ಯುವ ವೈದ್ಯೆ ಮೊದಲು ಮಾಡಿದ ಕೆಲಸವೇ ಎಲ್ಲರನ್ನೂ ಹೊರಗೆ ಕಳುಹಿಸಿದ್ದು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಇಷ್ಟು ನೋವಿರೋವಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸಿದೆಯಾ ಮಗಳೇ?” ಎಂದು ಕೇಳಿದರಂತೆ. ಆ ಹುಡುಗಿ ಹತ್ತು ನಿಮಿಷ ಅತ್ತಳಂತೆ. ಆಮೇಲೆ ಎಲ್ಲವನ್ನೂ ಹೇಳಿದಳು. ಇಂದು ಅವಳು ಬಿ.ಎ. ಮುಗಿಸಿ ಕೆಲಸದಲ್ಲಿದ್ದಾಳೆ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದರೆ ಗಂಡಾಂತರ ಕಳೆಯಿತು ಎಂದು ನಾವು ಸಿಹಿ ಹಂಚುತ್ತೇವೆ. ವಾಸ್ತವದಲ್ಲಿ ಅತಿ ಎಚ್ಚರ ಬೇಕಾದದ್ದು ಆಗಲೇ. ಜಗತ್ತಿನ ಹಲವು ದೇಶಗಳ 100 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮನೋರೋಗ ವಿಭಾಗದಿಂದ ಬಿಡುಗಡೆಯಾದ ಮೊದಲ ಮೂರು ತಿಂಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚು. ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂಬ ಮಾತು ಇಂಥವರಿಗೆ ತುಂಬಾ ದೂರದ ದಿನ.

ಇದಕ್ಕೆ ಪರಿಹಾರ ದುಬಾರಿಯದಲ್ಲ ಎಂಬುದಕ್ಕೆ ನೆರೆಯ ಚೆನ್ನೈಯೇ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್, ಬ್ರೆಜಿಲಿನ ಕಂಪಿನಾಸ್ ನಗರಗಳಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ಒಂದು ಪ್ರಯೋಗ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆಯ ತಿಳಿವಳಿಕೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಅಥವಾ ಭೇಟಿ. ಹೇಗಿದ್ದೀರಿ ಎಂದು ವಿಚಾರಿಸುವುದು, ಬೇಕಾದರೆ ದಾರಿ ತೋರಿಸುವುದು, ಇಷ್ಟೇ. 18 ತಿಂಗಳ ಕೊನೆಗೆ ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರೆ, ವಿಚಾರಿಸಿಕೊಂಡವರಲ್ಲಿ ಆ ಪ್ರಮಾಣ ಕೇವಲ ಶೇ. 0.2.

ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್, ರೋಗಿಯ ಜೊತೆ ಕೂತು ಒಂದು ಹಾಳೆಯ ಸುರಕ್ಷತಾ ಪಟ್ಟಿ ಬರೆಯುವ ವಿಧಾನವನ್ನು ರೂಪಿಸಿದರು. ಸಂಕಟ ಏರುವ ಮುನ್ನ ನನಗೆ ಕಾಣುವ ಲಕ್ಷಣ ಯಾವುದು? ಆಗ ಮನಸ್ಸು ತಿರುಗಿಸಲು ನಾನು ಏನು ಮಾಡಬಲ್ಲೆ? ಯಾರ ಬಳಿ ಹೋಗಿ ಕೂರಬಲ್ಲೆ? ಯಾರಿಗೆ ಫೋನ್ ಮಾಡಬಲ್ಲೆ? ಯಾವ ವೈದ್ಯರಿಗೆ, ಯಾವ ಸಹಾಯವಾಣಿಗೆ? ಅಪಾಯದ ವಸ್ತುಗಳನ್ನು ಮನೆಯಿಂದ ಹೇಗೆ ದೂರ ಇಡುವುದು? ಈ ಪಟ್ಟಿ ಬರೆದು ಆಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದಾಗ, ಆರು ತಿಂಗಳಲ್ಲಿ ಅಂಥ ಪ್ರಯತ್ನಗಳು ಶೇ. 45ರಷ್ಟು ಕಡಿಮೆ ಇದ್ದವು ಎಂದು 2018ರಲ್ಲಿ ಪ್ರಕಟವಾದ, 1,640 ರೋಗಿಗಳ ಅಧ್ಯಯನ ತೋರಿಸಿತು. ಬಿಡುಗಡೆಯ ದಿನ ಮಾತ್ರೆಯ ಚೀಟಿಯ ಜೊತೆ ಇಂಥ ಒಂದು ಹಾಳೆಯನ್ನೂ ಬರೆದುಕೊಡಿ ಎಂದು ಕೇಳುವ ಹಕ್ಕು ನಮಗಿದೆ.

ಪೊಲೀಸ್ ಕೇಸಿನ ಭಯ

ಹೇಳಿಕೊಂಡರೆ ಕೇಸ್ ಆಗುತ್ತದೆ ಎಂಬ ಭಯವೂ ನಮ್ಮ ಮನೆಗಳಲ್ಲಿದೆ. ಯೋಚನೆ ಬಂದಿದೆ ಎಂದು ವೈದ್ಯರಿಗೆ ಹೇಳುವುದು ಎಂದೂ ಅಪರಾಧವಾಗಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಯತ್ನಿಸಿದವರನ್ನೂ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಳೆಯ ದಂಡ ಸಂಹಿತೆಯ 309ನೇ ಕಲಮಿನಂತೆ ಪ್ರಯತ್ನಿಸಿದವರನ್ನೆಲ್ಲ ಶಿಕ್ಷಿಸುವ ಕಲಮೇ ಇಲ್ಲ. ಭಯ ಬಿಡಿ, ಬಾಯಿ ಬಿಡಿ.

ನಾವು ಮಾಡಬಹುದಾದದ್ದು

* ಮನೆಯಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ ಅವರ ನಿದ್ದೆಯನ್ನು ಗಮನಿಸಿ. ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಚಡಪಡಿಸುತ್ತಿದ್ದರೆ, ಗಾಬರಿಯಿಂದ ಒದ್ದಾಡುತ್ತಿದ್ದರೆ, ಇನ್ನು ದಾರಿಯೇ ಇಲ್ಲ ಎನ್ನುತ್ತಿದ್ದರೆ ಮರುಭೇಟಿಯ ದಿನಾಂಕಕ್ಕೆ ಕಾಯಬೇಡಿ. ಅಂದೇ ಕರೆದೊಯ್ಯಿರಿ.

* ಒಂಟಿಯಾಗಿ ಕೂತು, ಕೈ ಹಿಡಿದು, ನೇರವಾಗಿ ಕೇಳಿ: “ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?” ಹೌದು ಎಂದರೆ ಬೆಚ್ಚಬೇಡಿ, ಬಯ್ಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. “ಹೇಳಿದ್ದು ಒಳ್ಳೆಯದಾಯ್ತು” ಎನ್ನಿ. ಒಂಟಿಯಾಗಿ ಬಿಡಬೇಡಿ.

* ಹೊಲದ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಬೀಗ ಹಾಕಿ, ಬೀಗದ ಕೈ ಮತ್ತೊಬ್ಬರ ಬಳಿ ಇರಲಿ. ರೋಗಿಯ ಮಾತ್ರೆಗಳನ್ನು ದಿನದ ಲೆಕ್ಕದಲ್ಲಿ ನೀವೇ ಕೊಡಿ.

* ವೈದ್ಯರ ಬಳಿ ಹೋಗುವ ಮುನ್ನ ಕಳೆದ ಒಂದು ವಾರದಲ್ಲಿ ನೀವು ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವಳ ಮುಂದೆ ಹೇಳಲು ಸಂಕೋಚವಾದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಿ.

* ಅನುವಾದ ಮಾಡಬೇಕಾಗಿ ಬಂದರೆ ವೈದ್ಯರ ಪ್ರಶ್ನೆಯನ್ನು ಇದ್ದ ಹಾಗೇ ಕೇಳಿ, ಅವಳ ಉತ್ತರವನ್ನು ಇದ್ದ ಹಾಗೇ ಹೇಳಿ. ‘ಇಲ್ಲವಂತೆ’ ಎನ್ನಬೇಡಿ. ‘ತೌಬಾ ಎಂದಳು, ಆದರೆ ಕಣ್ಣಲ್ಲಿ ನೀರಿದೆ’ ಎನ್ನಿ.

* 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ ವ್ಯವಸ್ಥೆ ಆರಂಭಿಸಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರು ನಿಮ್ಮ ಆಸ್ಪತ್ರೆಗೆ ವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ನಾಗಮಂಗಲ ತಾಲೂಕಿನಲ್ಲೇ ಇರುವ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

* ನಡುರಾತ್ರಿಯಾದರೆ? 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಈ ಲೇಖನ ಓದುತ್ತಿರುವ ನಿಮ್ಮ ಮನಸ್ಸಿನಲ್ಲೇ ಅಂಥ ಯೋಚನೆ ಇದ್ದರೆ, ಪತ್ರಿಕೆಯನ್ನು ಕೆಳಗಿಟ್ಟು ಈಗಲೇ ಫೋನ್ ಮಾಡಿ. ಮನೆಯಲ್ಲಿ ನೀವು ನಂಬುವ ಒಬ್ಬರಿಗೆ ಹೇಳಿ.

ಕೊನೆಯದಾಗಿ

ನನ್ನ ಖಾಲಾ ಮಗಳು ಎರಡನೇ ಬಾರಿ ದಾಖಲಾದಾಗಲೂ ನಾನು ಹೋಗಿದ್ದೆ. ಈ ಸಲ ವೈದ್ಯರು ಬೇರೆಯವರು. ನಾನೇ ಅವರಿಗೆ, “ಡಾಕ್ಟರ್, ದಯವಿಟ್ಟು ನಮ್ಮನ್ನೆಲ್ಲ ಹೊರಗೆ ಕಳುಹಿಸಿ. ಉರ್ದು ಬರುವ ನರ್ಸ್ ಇದ್ದರೆ ಅವರಿಂದ ಕೇಳಿಸಿ” ಎಂದೆ. ಮುಕ್ಕಾಲು ಗಂಟೆ ನಾವು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಅತ್ತೆ ನನ್ನ ಕೈ ಹಿಡಿದುಕೊಂಡು, “ಅವಳು ರಾತ್ರಿಯೆಲ್ಲಾ ನಡೀತಿದ್ದಳು ಬೇಟಿ. ನನ್ನನ್ನ ಯಾರೂ ಕೇಳಲೇ ಇಲ್ಲ” ಎಂದು ಕಣ್ಣೊರೆಸಿಕೊಂಡರು. ನಾನು ಅವರನ್ನೂ ವೈದ್ಯರ ಬಳಿ ಕರೆದೊಯ್ದೆ. ಅಂದು ಅವರು ಹೇಳಿದ್ದನ್ನೆಲ್ಲ ವೈದ್ಯರು ಬರೆದುಕೊಂಡರು.

ಬಿಡುಗಡೆಯ ದಿನ ಕೈಗೆ ಸಿಕ್ಕಿದ್ದು ನಾಲ್ಕನೇ ದಿನದ ಮರುಭೇಟಿಯ ಚೀಟಿ. ಮೊದಲ ತಿಂಗಳು ದಿನವೂ ಇಶಾ ನಮಾಜಿನ ನಂತರ ನಾನು ಅವಳಿಗೆ ಫೋನ್ ಮಾಡುತ್ತಿದ್ದೆ. “ಇವತ್ತು ಮನಸ್ಸು ಹೇಗಿತ್ತು? ಸಾಯೋ ಯೋಚನೆ ಬಂತಾ?” ಎಂದೇ ಕೇಳುತ್ತಿದ್ದೆ. ಮೊದಮೊದಲು “ಬಂತು ಆಪಾ” ಎನ್ನುತ್ತಿದ್ದಳು. ಆಮೇಲೆ “ಸ್ವಲ್ಪ” ಎಂದಳು. ಒಂದು ದಿನ, “ಇವತ್ತು ಮಗು ನಡೆಯೋಕೆ ಶುರು ಮಾಡ್ತು ಆಪಾ, ನೀವು ಕೇಳೋವರೆಗೆ ಅದು ನೆನಪೇ ಆಗ್ಲಿಲ್ಲ” ಎಂದಳು.

ಆ ಮಗು ಈಗ ಶಾಲೆಗೆ ಹೋಗುತ್ತದೆ. ಅಲ್‌ಹಮ್ದುಲಿಲ್ಲಾಹ್.